ಭಾನುವಾರದ ಐದು ನಿಮಿಷ

ಮಾರ್ಚ್ ೧೨, ಬುಧವಾರ

ಪ್ರೀತಿಯ ಮರಿ,

ಹೇಗಿದ್ದೀಯ? ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತೆಂದು ನೀನು ಬರೆದು ಮೂರು ವಾರವಾಯಿತು. ‘ಆ ಕೆಟ್ಟುಹೋದ ಕಾರು ಇನ್ನೂ ಇದ್ರೆ, ರಿಪೇರಿ ಮಾಡಿಸಿ ನಂಗೆ ಕೊಡ್ತೀಯಾ?’ ಎಂಬ ಒಂದು ಸಾಲಿಗೆ ಉತ್ತರಿಸಲು ಇಷ್ಟು ದಿನ ಹಿಡಿಯಿತು, ಬೇಸರಪಟ್ಟುಕೊಳ್ಳಬೇಡ. ಕೊಡುತ್ತೇನೆ ಎನ್ನುವ ಮೊದಲು ಅದು ಓಡುತ್ತದೆಯೇ ಎಂದು ನೋಡಬೇಕಿತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಎನ್ನುವುದರಾಚೆಗೆ ಹೋಗುವುದೇ ಇಲ್ಲ.

ನಾನೂ ನಿನ್ನಪ್ಪನೂ ಬೇರೆಯಾಗಿ, ನೀನು ಅವರ ಜೊತೆ ಹೋದಾಗಿನಿಂದ ಕಾರು ಶೆಡ್ಡಿನಲ್ಲೇ ಇದೆ. ನಾಲ್ಕು ವರ್ಷ. ಹೊದಿಕೆ ಎಳೆದು ಅರ್ಧ ಗಂಟೆ ಸೀನಿದೆ. ಗ್ಯಾರೇಜಿನ ಮೇಸ್ತ್ರಿ ಬಂದರು. ನಿನ್ನ ಸೈಕಲ್ಲಿಗೆ ಬ್ರೇಕ್ ಹಾಕಿಕೊಟ್ಟ ಗುಂಗುರು ಕೂದಲಿನವರು. ಈಗ ಗುಂಗುರೂ ಇಲ್ಲ, ಕೂದಲೂ ಇಲ್ಲ. ಬಾನೆಟ್ ಎತ್ತಿ ನಕ್ಕರು. ‘ಮೇಡಂ, ಏರ್ ಫಿಲ್ಟರಲ್ಲಿ ಇಲಿ ಸಂಸಾರ ಹೂಡಿದೆ. ಮೊಮ್ಮಕ್ಕಳನ್ನೂ ಕಂಡಿರ್ಬೇಕು!’

ನಾನು ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದಿಟ್ಟಿದ್ದೆ. ಹಿಂದಿನ ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಟ್ಯಾಂಕಿನ ಪೆಟ್ರೋಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅವರು ಆಯಿಲ್ ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಗೆ ಕೆನೆಯಂಥ ಬಿಳಿ ಜಿಡ್ಡು.

‘ಇದನ್ನ ಯಾರಾದ್ರೂ ಆಗಾಗ ಸ್ಟಾರ್ಟ್ ಮಾಡ್ತಿದ್ರಾ?’

‘ನಾನೇ. ಬ್ಯಾಟರಿ ಕೈಕೊಡೋವರೆಗೂ, ಮೂರು ವರ್ಷ. ಪ್ರತಿ ಭಾನುವಾರ ಐದು ನಿಮಿಷ. ಹಾಳಾಗ್ಬಾರ್ದು ಅಂತ.’

‘ಓಡಿಸ್ತಿರ್ಲಿಲ್ವಾ?’

‘ಇಲ್ಲ.’

‘ಅಯ್ಯೋ, ಅದ್ರಿಂದಾನೇ ಹಾಳಾಗಿದ್ದು! ಇಂಜಿನ್ ಬಿಸಿ ಏರೋಕ್ಮುಂಚೆ ಆರಿಸಿದ್ರೆ ಒಳಗೆ ನೀರು ನಿಲ್ಲುತ್ತೆ. ಒಂದೋ ಅರ್ಧ ಗಂಟೆ ಓಡಿಸ್ಬೇಕಿತ್ತು, ಇಲ್ಲಾ ಬ್ಯಾಟರಿ ವೈರ್ ಕಳಚಿ ತೆಪ್ಪಗಿರ್ಬೇಕಿತ್ತು.’

ಅವರು ಬೈದದ್ದಲ್ಲ. ಆದರೂ ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಭಾನುವಾರ ಇಂಜಿನ್ ಆರಿಸಿ, ಒಳಗೆ ಬಂದು, ಕೈ ತೊಳೆದು ನಿನಗೆ ಫೋನ್ ಮಾಡುತ್ತಿದ್ದೆ. ಅದೂ ಐದೇ ನಿಮಿಷ. ನೀನು ಇನ್ನೇನೋ ಹೇಳಲು ಉಸಿರೆಳೆದುಕೊಂಡಾಗ ‘ಸರಿ ಮರಿ, ಇಡ್ತೀನಿ’ ಎನ್ನುತ್ತಿದ್ದವಳು ನಾನೇ. ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಜೋಪಾನವೋ, ನನ್ನ ಸಮಾಧಾನಕ್ಕೋ, ಈಗ ಖಚಿತವಾಗಿ ಹೇಳಲಾರೆ.

ರಿಪೇರಿಗೆ ಹತ್ತು ದಿನ ಬೇಕಾಯಿತು. ಆಫೀಸಿನಿಂದ ನೇರ ಗ್ಯಾರೇಜಿಗೆ ಹೋಗಿ ನಿಂತು ನಿಂತು ನನ್ನ ಸೊಂಟವೂ ಹಿಡಿದುಕೊಂಡಿದೆ. ನಿನ್ನೆ ಸಂಜೆ ಮೂರನೇ ಸಲಕ್ಕೆ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. ಖುಷಿಪಡುವಷ್ಟೂ ತ್ರಾಣವಿರಲಿಲ್ಲ. ‘ಇನ್ನು ಇದನ್ನ ದೂರ ಕರ್ಕೊಂಡು ಹೋಗಿ ಮೇಡಂ’ ಎಂದರು ಮೇಸ್ತ್ರಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಗೇಟಿನ ಮುಂದೆ ಇರುತ್ತೇನೆ. ಕೀಲಿ ಕೊಟ್ಟು ಹೋಗು ಎಂದರೆ ಬಸ್ಸಿನಲ್ಲಿ ವಾಪಸಾಗುತ್ತೇನೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದಷ್ಟು ದೂರ ಓಡಿಸಿದರೆ... ನಿನ್ನಿಷ್ಟ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ. ಇದು ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಅಪ್ಪನ ಜೊತೆ ಹೋದ ಮೂರನೇ ದಿನ ನೀನು ಫೋನ್ ಮಾಡಿ, ‘ಅಮ್ಮಾ, ಬಂದು ಕರ್ಕೊಂಡು ಹೋಗು’ ಎಂದೆ. ಕಾರು ಕೆಟ್ಟಿದೆ ಎಂದೆ ನಾನು. ಕೆಟ್ಟಿರಲಿಲ್ಲ ಮರಿ. ಜಗಳವೆಲ್ಲ ಮುಗಿದು ಅಂದು ಮೊದಲ ಸಲ ಮನೆ ಸದ್ದಿಲ್ಲದೆ ಇತ್ತು. ಮಲಗಿದ್ದೆ, ಏಳಲು ಮನಸ್ಸಾಗಲಿಲ್ಲ. ನಾಳೆ ಕೇಳಿದರೆ ಹೋಗೋಣ ಅಂದುಕೊಂಡೆ. ನೀನು ಮತ್ತೆ ಕೇಳಲಿಲ್ಲ. ಆಮೇಲೆ ಅದನ್ನು ರಸ್ತೆಗೆ ಇಳಿಸಲು ನನಗೆ ಮುಖವಿರಲಿಲ್ಲ. ಇದನ್ನು ಓದಿ ನೀನು ಹತ್ತಕ್ಕೆ ಹೊರಗೆ ಬರದಿದ್ದರೆ ಅರ್ಥವಾಗುತ್ತದೆ. ಹನ್ನೊಂದಕ್ಕೆ ಬಾ, ಮಧ್ಯಾಹ್ನ ಬಾ. ನಾನು ಅಲ್ಲೇ ಇರುತ್ತೇನೆ.