ಹೊಸ್ತಿಲಲ್ಲಿ ಕೊಟ್ಟ ಕಾಯಿ

ಅಮ್ಮಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಇವತ್ತು ಈ ಮನೆಯಲ್ಲಿ ಇನ್ನೊಬ್ಬರು ಕೂತು ತಿಂದರು. ಹಿಂದಿನ ಬೀದಿಯ ಕೊಬ್ಬರಿ ವ್ಯಾಪಾರಿಯ ಹೆಂಡತಿ, ಸರ್ವಮಂಗಳ. ಒಬ್ಬಳಿಗೆಂದು ಮಾಡಿದ್ದ ಉಪ್ಪಿಟ್ಟು ಇಬ್ಬರಿಗೂ ಸಾಕಾಯಿತು. ಹೊರಡುವಾಗ ಅವರು ಅರಿಶಿನ ಕುಂಕುಮಕ್ಕೆ ಕಾಯುತ್ತಾ ಹೊಸ್ತಿಲಲ್ಲಿ ನಿಂತರು. ಆಮೇಲೆ ಗೋಡೆಯ ಶಿಲುಬೆ ನೋಡಿ, "ಮರ್ತೇಬುಟ್ಟೆ ಕಣ್ರೀ" ಎಂದು ನಾಚಿದರು.

"ಬಂದೋರು ಬರಿಗೈಲಿ ಹೋಗ್ಬಾರ್ದು ಕಣೇ, ಯೇಸಪ್ಪನೇ ಬಂದಿರ್ತಾನೆ" ಎನ್ನುತ್ತಿದ್ದೆಯಲ್ಲ, ಅದು ನೆನಪಾಗಿ ಜುಟ್ಟಿದ್ದ ತೆಂಗಿನಕಾಯಿಯೊಂದನ್ನು ಅವರ ಸೆರಗಿಗೆ ಹಾಕಿದೆ. ಕಣ್ಣಿಗೊತ್ತಿಕೊಂಡು "ಬತ್ತೀನಿ" ಎಂದರು.

ಕೊನೆಯ ಸಲ ಬಂದು ಹೊರಟಾಗ ನೀನೂ ಇದೇ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಕಿಬ್ಬನಹಳ್ಳಿ ಬಸ್ಸು ತಪ್ಪಿಹೋಗುತ್ತೆ, ಹೊರಡು ಎಂದಿದ್ದೆ ನಾನು.