ಸೊಟ್ಟ ಅಂಚಿನ ಬುಟ್ಟಿ

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಬಿದಿರಿನ ಬುಟ್ಟಿ ನಮ್ಮ ಸಹಕಾರಿ ಕಲಾ ಗ್ಯಾಲರಿಯಲ್ಲೇ ಇದೆ. ಹೋದ ವಾರ ಒಬ್ಬಾಕೆ ಅದನ್ನು ಮೆಚ್ಚಿ, “ಎತ್ತಿಡಿ, ನಾಳೆ ಬಂದು ಒಯ್ತೀನಿ” ಎಂದಿದ್ದರು. ನಿಮ್ಮ ಕೈ ನಡುಗಿದ್ದು ಸೊಟ್ಟ ಅಂಚಿನಲ್ಲಿ ಎದ್ದು ಕಾಣುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಅಂದೇ ಅಂಚು ಬಿಚ್ಚಿ ನಾನೇ ನೆಟ್ಟಗೆ ಕಟ್ಟಿದೆ.

ಮರುದಿನ ಆಕೆ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದಲ್ಲಮ್ಮ, ಅಂಚು ಸೊಟ್ಟಗಿತ್ತಲ್ಲ, ಅದು. ಯಾರೋ ಕೂತು ಹೆಣೆದಿದ್ದು ಅಂತ ಗೊತ್ತಾಗ್ತಿತ್ತು” ಎಂದರು.

ಅದು ಮಾರಿಹೋಯಿತು ಎಂದುಬಿಟ್ಟೆ.

ಇನ್ನೊಂದು ಹೆಣೆದು ಕಳಿಸುವಿರಾ? ಅಂಚನ್ನೂ ನೀವೇ ಕಟ್ಟಿ, ನಾನು ಮುಟ್ಟುವುದಿಲ್ಲ. ಈ ಬುಟ್ಟಿಯಿಂದ ನಿಮ್ಮ ಹೆಸರಿನ ಚೀಟಿ ತೆಗೆದೆ. ನನ್ನ ಹೆಸರು ಬರೆಯಲು ಕೈ ಏಳಲಿಲ್ಲ.

ನಿಮ್ಮ ಸೊಸೆ