ಅಳತೆಗೆ ಹೊಲಿದ ಕೊಳವೆ

ಮಾರ್ಚ್ ೪, ಮಂಗಳವಾರ

ಪ್ರೀತಿಯ ಗೆಳತಿಗೆ,

ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ನಿನಗೆ ಫೋನಿನಲ್ಲಿ ಮಾತು ಕೇಳಿಸುವಂತಿದ್ದರೆ ಇಷ್ಟು ಹೊತ್ತಿಗೆ ತಲೆ ತಿಂದಿರುತ್ತಿದ್ದೆ.

ನಮ್ಮ ಯಜಮಾನರಿಗೆ ಮೈ ಸರಿಯಿಲ್ಲ. ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನಂತೆ ಊದಿದೆ. ಒಡೆದರೆ ಮುಗಿಯಿತು. ಹೊಟ್ಟೆ ಕೊಯ್ದು ಸರಿಮಾಡೋಣವೆಂದರೆ ಇವರ ಶ್ವಾಸಕೋಶ ತಾಳುವುದಿಲ್ಲ. ಅದಕ್ಕೆ ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ ಬಟ್ಟೆಯ ಕೊಳವೆಯೊಂದನ್ನು ನಾಳದೊಳಗೇ ತೂರಿಸುತ್ತಾರಂತೆ, ಕೋಟಿಗೆ ಲೈನಿಂಗ್ ಕೊಟ್ಟ ಹಾಗೆ. ಮೂತ್ರಪಿಂಡದ ಕವಲುಗಳು ಮುಚ್ಚಿಹೋಗದಂತೆ ಅದರಲ್ಲಿ ಸರಿಯಾದ ಜಾಗಕ್ಕೆ ಕಿಂಡಿ ಬಿಡಬೇಕು. ಎಲ್ಲರ ಅಳತೆ ಒಂದೇ ಅಲ್ಲವಲ್ಲ, ಸ್ಕ್ಯಾನ್ ನೋಡಿ ಕಾರ್ಖಾನೆಯಲ್ಲಿ ಇವರಿಗೆಂದೇ ಹೊಲಿಯುತ್ತಿದ್ದಾರೆ.

"ಕಿಂಡಿ ಅಂದ್ರೆ ಗುಂಡಿ ತೂರಿಸೋ ಕಾಜಾ ಇದ್ದ ಹಾಗೆ ತಾನೆ? ನಮ್ಮ ಕಾಜಾ ಮೇಡಂ ಇದ್ದಿದ್ರೆ ಒಂದೇ ದಿನಕ್ಕೆ ಮುಗಿಸ್ತಿದ್ಲು" ಎಂದು ಇವರು ನಿನ್ನನ್ನು ನೆನೆದರು. ನೀನು ನಮ್ಮ ಟೈಲರ್ ಅಂಗಡಿ ಬಿಟ್ಟು ಇಷ್ಟು ವರ್ಷವಾದರೂ ಇವರ ಬಾಯಿಂದ ಆ ಹೆಸರು ಹೋಗಿಲ್ಲ. ಡಾಕ್ಟರಮ್ಮನನ್ನೂ ಬಿಡಲಿಲ್ಲ. "ಹಾಕೋ ಮುಂಚೆ ಒಂದ್ಸಲ ಒಳಮಗ್ಗುಲು ತೋರಿಸಮ್ಮ. ಹೊಲಿಗೆಯ ಯೋಗ್ಯತೆ ಅಲ್ಲೇ ಗೊತ್ತಾಗೋದು" ಎಂದರು. ಆಕೆ ನಕ್ಕು, "ಅದು ಮಡಚಿಕೊಂಡು ಬರತ್ತೆ. ಬಿಚ್ಚಿ ತೋರಿಸಿದ್ರೆ ಆಮೇಲೆ ಹಾಕೋಕೆ ಬರಲ್ಲ" ಎಂದರು. ಇವರಿಗೆ ಅದೊಂದು ಕೊರಗು.

ಕೊಳವೆ ಬರಲು ಇನ್ನೂ ಕೆಲವು ವಾರ ಬೇಕಂತೆ. ಜೀವಮಾನವಿಡೀ ಗಿರಾಕಿಗಳಿಗೆ "ಮುಂದಿನ ವಾರ ಬನ್ನಿ" ಎಂದವರು ಈಗ ತಾವೇ ದಾರಿ ಕಾಯುತ್ತಿದ್ದಾರೆ. ಹಾಗೆಂದು ರೇಗಿಸಿದರೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇವರು ಕೆಮ್ಮಿದರೂ ಓಡಿಹೋಗಿ ನೋಡುತ್ತೇನೆ. ಭಾರ ಎತ್ತಕೂಡದೆಂದು ಇಸ್ತ್ರಿಪೆಟ್ಟಿಗೆ ಬಚ್ಚಿಟ್ಟಿದ್ದೇನೆ. ದಿನವೂ ಅದಕ್ಕೇ ಜಗಳ.

ನಿನ್ನ ಮೊಮ್ಮಗಳು ನೂರು ಕಾಲ ಸುಖವಾಗಿರಲಿ. ನೀನೂ ಕಣ್ಣು ಜೋಪಾನ ಮಾಡಿಕೋ.

ಇಂತು ನಿನ್ನ,
ಅಂಗಡಿಯ ಅಕ್ಕ

ತಾ.ಕ. (ಮಾರ್ಚ್ ೨೯): ಈ ಪತ್ರ ಅಂಚೆಗೆ ಹಾಕದೆ ಉಳಿಯಿತು. ಇವರು ಹೋದರು ಕಣೇ. ಹೋದ ವಾರ ಸೂಜಿಗೆ ದಾರ ಪೋಣಿಸುತ್ತಿದ್ದವರು ಬೆನ್ನು ನೋವು ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾಳ ಒಡೆದು ಎಲ್ಲ ಮುಗಿದಿತ್ತು.

ನಿನ್ನೆ ಡಾಕ್ಟರಮ್ಮ ಫೋನ್ ಮಾಡಿದ್ದರು. ಕೊಳವೆ ಬಂದಿದೆಯಂತೆ. ಇನ್ಯಾರಿಗಾದರೂ ಹಾಕಿ ಎಂದೆ. "ಅದು ಅವರ ಅಳತೆದು, ಬೇರೆ ಯಾರಿಗೂ ಆಗಲ್ಲ" ಎಂದರು. ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಬಿಚ್ಚಿ ತೋರಿಸಿ ಎಂದು ಕೇಳಿದೆ. ಈ ಸಲ ಆಕೆ ಬೇಡವೆನ್ನಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಇವರ ಹಾಗೆಯೇ ಒಳಗೆ ಬೆರಳಾಡಿಸಿ ನೋಡಿದೆ.

ಹೊಲಿಗೆ ಚೆನ್ನಾಗಿತ್ತು.